ಅನಿಲ ಬದಲಾದಾಗ ಬರ್ನರ್‌ನಲ್ಲಿ ಏನೇನು ಬದಲಾಗಬೇಕು?

ಪ್ರಶ್ನೆ: ನಮ್ಮ ಘಟಕದಲ್ಲಿ 500 ಕಿಲೋವ್ಯಾಟ್‌ನ ಒಂದು ಬಾಯ್ಲರ್ ಮತ್ತು ಒಣಗಿಸುವ ಓವನ್‌ನಲ್ಲಿ ಸಾಲಾಗಿ ಜೋಡಿಸಿದ ಸಣ್ಣ ಬರ್ನರ್‌ಗಳು ಪ್ರೊಪೇನ್‌ನಿಂದ ಉರಿಯುತ್ತಿವೆ. ಸದ್ಯದಲ್ಲೇ ಕೊಳವೆಯ ಮೂಲಕ ನೈಸರ್ಗಿಕ ಅನಿಲ ಬರಲಿದೆ. ಮುಂದೆ ಅದಕ್ಕೆ ಹೈಡ್ರೋಜನ್ ಬೆರೆಸುವ ಮಾತೂ ಇದೆ. ಅನಿಲಗಳು ಉರಿದಾಗ ಕೊಡುವ ಶಾಖದ, ಅಂದರೆ ಶಾಖಮೌಲ್ಯದ ಅನುಪಾತ ನೋಡಿಕೊಂಡು ಜೆಟ್‌ಗಳನ್ನು (ಅನಿಲ ಹೊರಬರುವ ಸಣ್ಣ ರಂಧ್ರವಿರುವ ಬಿಡಿಭಾಗಗಳನ್ನು) ಬದಲಿಸಿದರೆ ಸಾಕೇ? ಒಂದು ಕಿಲೋ ಹೈಡ್ರೋಜನ್‌ನಲ್ಲಿ ಬೇರೆಲ್ಲ ಇಂಧನಗಳಿಗಿಂತ ಹೆಚ್ಚು ಶಾಖವಿದೆ ಎಂದ ಮೇಲೆ ಕಡಿಮೆ ಅನಿಲವೇ ಸಾಕಾಗಬೇಕಲ್ಲವೇ? ಈಗಿರುವ ಕೊಳವೆಗಳನ್ನು ಉಳಿಸಿಕೊಳ್ಳಬಹುದೇ?

ಉತ್ತರ: ಶಾಖಮೌಲ್ಯದ ಅನುಪಾತವೊಂದನ್ನೇ ನಂಬಿ ಜೆಟ್ ಬದಲಿಸಬೇಡಿ. ಆ ಲೆಕ್ಕ ನಿಮ್ಮನ್ನು ತಪ್ಪು ಅಳತೆಗೆ, ಅದೂ ಅಪಾಯದ ಕಡೆಗಿರುವ ತಪ್ಪು ಅಳತೆಗೆ ಒಯ್ಯುತ್ತದೆ. ಕಾರಣ ಸರಳವಾಗಿದೆ. ಬರ್ನರ್‌ಗೆ ಅನಿಲವನ್ನು ಯಾರೂ ತೂಗಿ ಕೊಡುವುದಿಲ್ಲ, ಅಳೆದೂ ಕೊಡುವುದಿಲ್ಲ. ಒಂದು ನಿಶ್ಚಿತ ಒತ್ತಡದಲ್ಲಿ ಒಂದು ಸಣ್ಣ ರಂಧ್ರದ ಹಿಂದೆ ಅನಿಲವನ್ನು ನಿಲ್ಲಿಸಿರುತ್ತೇವೆ, ಆ ರಂಧ್ರದಿಂದ ಎಷ್ಟು ಹೊರಬರುತ್ತದೆಯೋ ಅಷ್ಟು ಉರಿಯುತ್ತದೆ. ಹೊರಬರುವ ಪ್ರಮಾಣವನ್ನು ನಿರ್ಧರಿಸುವವು ರಂಧ್ರದ ವಿಸ್ತೀರ್ಣ, ಒತ್ತಡದ ವರ್ಗಮೂಲ ಮತ್ತು ಅನಿಲದ ಸಾಂದ್ರತೆಯ ವರ್ಗಮೂಲ. ಹಗುರವಾದ ಅನಿಲ ಅದೇ ಒತ್ತಡದಲ್ಲಿ ಅದೇ ರಂಧ್ರದಿಂದ ಹೆಚ್ಚು ವೇಗವಾಗಿ ನುಗ್ಗುತ್ತದೆ, ಭಾರವಾದದ್ದು ನಿಧಾನವಾಗಿ ಬರುತ್ತದೆ. ಆದ್ದರಿಂದ ಬರ್ನರ್‌ಗೆ ದೊರೆಯುವ ಶಾಖವು, ಒಂದು ಘನ ಮೀಟರ್‌ನ ಶಾಖಮೌಲ್ಯವನ್ನು ಗಾಳಿಗೆ ಹೋಲಿಸಿದ ಸಾಪೇಕ್ಷ ಸಾಂದ್ರತೆಯ ವರ್ಗಮೂಲದಿಂದ ಭಾಗಿಸಿದಾಗ ಸಿಗುವ ಸಂಖ್ಯೆಯನ್ನು ಅವಲಂಬಿಸಿರುತ್ತದೆ. 1920ರ ದಶಕದಲ್ಲಿ ಇದನ್ನು ರೂಪಿಸಿದ ಇಟಲಿಯ ಎಂಜಿನಿಯರ್ ಗೊಫ್ರೆಡೊ ವೊಬ್ಬೆ ಅವರ ಹೆಸರಿನಿಂದ ಇದನ್ನು ವೊಬ್ಬೆ ಸೂಚ್ಯಂಕ ಎಂದು ಕರೆಯುತ್ತಾರೆ.

ನಿಮ್ಮ ಮೂರು ಅನಿಲಗಳನ್ನು ಈ ದೃಷ್ಟಿಯಿಂದ ನೋಡೋಣ. 15 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಳೆದ ಒಂದು ಘನ ಮೀಟರ್ ಪ್ರೊಪೇನ್‌ನಲ್ಲಿ ಸುಮಾರು 95.6 ಮೆಗಾಜೂಲ್ ಶಾಖವಿದೆ. ನೈಸರ್ಗಿಕ ಅನಿಲದ ಮುಖ್ಯ ಘಟಕವಾದ ಮೀಥೇನ್‌ನಲ್ಲಿ 37.7, ಹೈಡ್ರೋಜನ್‌ನಲ್ಲಿ ಕೇವಲ 12.1. ಇವು ಹೊಗೆಯಲ್ಲಿನ ನೀರಾವಿ ತಣಿದು ಬಿಟ್ಟುಕೊಡುವ ಶಾಖವೂ ಸೇರಿದ ಮೇಲ್ಮೌಲ್ಯಗಳು. ಗಾಳಿಯ ಸಾಂದ್ರತೆಯನ್ನು 1 ಎಂದಿಟ್ಟುಕೊಂಡರೆ ಪ್ರೊಪೇನ್‌ನದು ಸುಮಾರು 1.55, ಮೀಥೇನ್‌ನದು 0.555, ಹೈಡ್ರೋಜನ್‌ನದು 0.07ರ ಆಸುಪಾಸು. ಭಾಗಾಕಾರ ಮಾಡಿದಾಗ ಪ್ರೊಪೇನ್‌ಗೆ 76.8, ಮೀಥೇನ್‌ಗೆ 50.7, ಹೈಡ್ರೋಜನ್‌ಗೆ 45.9 ಎಂಬ ವೊಬ್ಬೆ ಸಂಖ್ಯೆಗಳು ಬರುತ್ತವೆ. ಶಾಖಮೌಲ್ಯದಲ್ಲಿ ಮೀಥೇನ್‌ನ ಮೂರನೇ ಒಂದು ಭಾಗಕ್ಕೂ ತುಸು ಕಡಿಮೆ ಇರುವ ಹೈಡ್ರೋಜನ್, ವೊಬ್ಬೆ ಸಂಖ್ಯೆಯಲ್ಲಿ ಅದರ ಶೇ. 90ರಷ್ಟಿದೆ. ಕಿಲೋಗ್ರಾಂ ಲೆಕ್ಕದ 142 ಮೆಗಾಜೂಲ್ ಎಂಬ ಸಂಖ್ಯೆ ರಾಕೆಟ್ ಕಟ್ಟುವವರಿಗೆ ಮುಖ್ಯ, ಜೆಟ್ ಆರಿಸುವ ನಿಮಗೆ ಅದರಿಂದ ಯಾವ ಉಪಯೋಗವೂ ಇಲ್ಲ.

ಈಗ ಜೆಟ್‌ನ ಲೆಕ್ಕ. ನಿಮ್ಮ ಓವನ್ ಬರ್ನರ್‌ಗಳಿಗೆ ಪ್ರೊಪೇನ್ 37 ಮಿಲಿಬಾರ್‌ನಲ್ಲಿ ಬರುತ್ತಿದ್ದು, ನೈಸರ್ಗಿಕ ಅನಿಲ 20 ಮಿಲಿಬಾರ್‌ನಲ್ಲಿ ಬರುತ್ತದೆ ಎಂದಿಟ್ಟುಕೊಳ್ಳೋಣ. ಎರಡೂ ಬಹಳ ಕಡೆ ಬಳಕೆಯಲ್ಲಿರುವ ಒತ್ತಡಗಳು. ಅದೇ ಶಾಖ ಬೇಕಾದರೆ ರಂಧ್ರದ ವಿಸ್ತೀರ್ಣ ವೊಬ್ಬೆ ಸಂಖ್ಯೆಗಳ ಅನುಪಾತದಷ್ಟು, ಅಂದರೆ 1.515 ಪಟ್ಟು, ಮತ್ತು ಒತ್ತಡಗಳ ಅನುಪಾತದ ವರ್ಗಮೂಲದಷ್ಟು, ಅಂದರೆ 1.36 ಪಟ್ಟು ಹೆಚ್ಚಬೇಕು. ಎರಡನ್ನೂ ಗುಣಿಸಿದರೆ 2.06. ವ್ಯಾಸಕ್ಕೆ ಅದರ ವರ್ಗಮೂಲ ತೆಗೆದುಕೊಂಡರೆ 1.44 ಪಟ್ಟು. ಒಂದು ಮಿಲಿಮೀಟರ್ ಜೆಟ್ ಇದ್ದ ಕಡೆ 1.44 ಮಿಲಿಮೀಟರ್ ಜೆಟ್ ಬರಬೇಕು. ನೀವು ಯೋಚಿಸಿದಂತೆ ಶಾಖಮೌಲ್ಯವನ್ನೂ ಒತ್ತಡವನ್ನೂ ಲೆಕ್ಕಕ್ಕೆ ತೆಗೆದುಕೊಂಡು ಸಾಂದ್ರತೆಯನ್ನು ಬಿಟ್ಟರೆ ವಿಸ್ತೀರ್ಣ 3.45 ಪಟ್ಟಾಗುತ್ತದೆ, ಬರ್ನರ್ ತನ್ನ ಸಾಮರ್ಥ್ಯಕ್ಕಿಂತ ಶೇ. 67ರಷ್ಟು ಹೆಚ್ಚು ಅನಿಲವನ್ನು ನುಂಗುತ್ತದೆ. ಸೆಳೆದುಕೊಳ್ಳುವ ಗಾಳಿ ಸಾಲದೆ ಜ್ವಾಲೆ ಹಳದಿಯಾಗಿ ಉದ್ದಕ್ಕೆ ಚಾಚುತ್ತದೆ, ಮಸಿ ಕೂರುತ್ತದೆ, ವಾಸನೆಯೂ ಬಣ್ಣವೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಕೆಲಸಗಾರರು ನಿಂತಿರುವ ಜಾಗಕ್ಕೆ ಹರಡುತ್ತದೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಹಳೆಯ ಜೆಟ್‌ಗಳನ್ನೇ ಕೈಡ್ರಿಲ್‌ನಿಂದ ಕೊರೆದು ದೊಡ್ಡದು ಮಾಡುವ ಅಭ್ಯಾಸ ಎಷ್ಟೋ ಕಡೆ ಇದೆ, ದಯವಿಟ್ಟು ಅದಕ್ಕೆ ಅವಕಾಶ ಕೊಡಬೇಡಿ. 1.44 ಮಿಲಿಮೀಟರ್ ಬದಲು 1.49 ಆದರೆ, ಕಣ್ಣಿಗೆ ಕಾಣದ ಆ 0.05 ಮಿಲಿಮೀಟರ್‌ಗೆ ವಿಸ್ತೀರ್ಣ ಶೇ. 7ರಷ್ಟು ಹೆಚ್ಚುತ್ತದೆ. ಅದರ ಜೊತೆಗೆ ಕೊರೆದ ಅಂಚಿನಲ್ಲಿ ಉಳಿಯುವ ಲೋಹದ ಚೂರು ರಂಧ್ರದಿಂದ ಅನಿಲ ಹರಿಯುವ ಪ್ರಮಾಣವನ್ನೇ ಬದಲಿಸುತ್ತದೆ, ಧಾರೆಯನ್ನು ಓರೆಯಾಗಿಸುತ್ತದೆ. ಓರೆಯಾದ ಧಾರೆ, ಅನಿಲವೂ ಗಾಳಿಯೂ ಬೆರೆಯುವ ಮಿಶ್ರಣನಳಿಕೆಯ ಮಧ್ಯಕ್ಕೆ ಹೋಗದೆ ಗೋಡೆಗೆ ಬಡಿದರೆ ಗಾಳಿಯನ್ನು ಸರಿಯಾಗಿ ಎಳೆದುಕೊಳ್ಳುವುದಿಲ್ಲ. ಬರ್ನರ್ ತಯಾರಕರಿಂದ ಅಳತೆ ಕೆತ್ತಿದ ಜೆಟ್‌ಗಳನ್ನೇ ತರಿಸಿ. ಹಳೆಯವನ್ನು ಎಣಿಸಿ ಹಿಂದಕ್ಕೆ ಪಡೆದು ನಾಶಮಾಡಿ. ಪೆಟ್ಟಿಗೆಯಲ್ಲಿ ಉಳಿದ ಒಂದು ಹಳೆಯ ಜೆಟ್ ಯಾವತ್ತೋ ಒಂದು ದಿನ ಯಾರದೋ ಕೈಯಿಂದ ಬರ್ನರ್‌ಗೆ ಮರಳುತ್ತದೆ.

ಜೆಟ್ ಹಾಕಿದ ಮೇಲೆ ಒತ್ತಡವನ್ನು ಎಲ್ಲಿ, ಯಾವಾಗ ಅಳೆಯುತ್ತೀರಿ ಎಂಬುದು ಮುಖ್ಯ. ಒತ್ತಡವನ್ನು ನಿಯಂತ್ರಿಸುವ ರೆಗ್ಯುಲೇಟರ್ ದಾಟಿದ ಮೇಲೆ, ಬರ್ನರ್‌ಗೆ ಆದಷ್ಟು ಹತ್ತಿರವಿರುವ ಪರೀಕ್ಷಾ ನಿಪ್ಪಲ್‌ಗೆ ಒತ್ತಡ ಅಳೆಯುವ ನೀರಿನ ಯು-ಟ್ಯೂಬ್ ಮಾನೋಮೀಟರ್ ಜೋಡಿಸಿ. 20 ಮಿಲಿಬಾರ್ ಎಂದರೆ ಎರಡು ಕಾಲುಗಳ ನೀರಿನ ಮಟ್ಟದ ನಡುವೆ ಸುಮಾರು 204 ಮಿಲಿಮೀಟರ್ ಅಂತರ. ಬರ್ನರ್ ಆರಿಸಿಟ್ಟಾಗ ಈ ಅಂತರ ಚೆನ್ನಾಗಿಯೇ ಕಾಣುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಓವನ್‌ನ ಎಲ್ಲ ಬರ್ನರ್‌ಗಳನ್ನೂ ಬಾಯ್ಲರನ್ನೂ ಪೂರ್ಣ ಉರಿಯಲ್ಲಿಟ್ಟು ನೋಡಿ. ಆಗ ಅಂತರ 163 ಮಿಲಿಮೀಟರ್‌ಗೆ, ಅಂದರೆ 16 ಮಿಲಿಬಾರ್‌ಗೆ ಇಳಿದರೆ ಶಾಖ ಶೇ. 10ಕ್ಕಿಂತ ಹೆಚ್ಚು ಕಡಿಮೆಯಾಗಿದೆ ಎಂದರ್ಥ. ಹಾಗಾದಾಗ ರೆಗ್ಯುಲೇಟರ್‌ನ ಸ್ಪ್ರಿಂಗ್ ಬಿಗಿಮಾಡಿ ಒತ್ತಡ ಏರಿಸುವ ಮನಸ್ಸಾಗುತ್ತದೆ. ಏರಿಸಿದರೆ, ಒಂದೇ ಬರ್ನರ್ ಉರಿಯುವ ಹೊತ್ತಿನಲ್ಲಿ ಅದಕ್ಕೆ ಹೆಚ್ಚಿನ ಒತ್ತಡ ಬೀಳುತ್ತದೆ. ಲೋಪ ಇರುವುದು ಸಾಮಾನ್ಯವಾಗಿ ಕೊಳವೆಯಲ್ಲಿ.

ಕೊಳವೆಯ ವಿಷಯದಲ್ಲಿ ನಿಮ್ಮ ಮೂರನೇ ಪ್ರಶ್ನೆಗೂ ಇಲ್ಲೇ ಉತ್ತರವಿದೆ. 500 ಕಿಲೋವ್ಯಾಟ್‌ಗೆ ಗಂಟೆಗೆ ಸುಮಾರು 19 ಘನ ಮೀಟರ್ ಪ್ರೊಪೇನ್ ಸಾಕಾಗುತ್ತಿತ್ತು, ಅಷ್ಟೇ ಶಾಖಕ್ಕೆ ಸುಮಾರು 48 ಘನ ಮೀಟರ್ ನೈಸರ್ಗಿಕ ಅನಿಲ ಬೇಕು. ಹರಿವು ಎರಡೂವರೆ ಪಟ್ಟಾದರೆ ಒತ್ತಡದ ನಷ್ಟ ಅದರ ವರ್ಗದಷ್ಟು ಏರಬೇಕು, ಆದರೆ ಮೀಥೇನ್ ಹಗುರವಾದ್ದರಿಂದ ಸ್ವಲ್ಪ ಹಿಂದಕ್ಕೆ ಸಿಗುತ್ತದೆ. ಕೊನೆಗೆ ಉಳಿಯುವುದು ವೊಬ್ಬೆ ಸಂಖ್ಯೆಗಳ ಅನುಪಾತದ ವರ್ಗ, ಅಂದರೆ 2.3 ಪಟ್ಟು ನಷ್ಟ. ರಂಧ್ರಕ್ಕೂ ಕೊಳವೆಗೂ ಒಂದೇ ಸಂಖ್ಯೆ ಅನ್ವಯಿಸುವುದು ನನಗೆ ಇಂದಿಗೂ ಈ ವಿಷಯದ ಅತ್ಯಂತ ಸೊಗಸಾದ ಭಾಗವಾಗಿ ಕಾಣುತ್ತದೆ. ಪ್ರೊಪೇನ್ ಇದ್ದಾಗ ಕೊಳವೆಯಲ್ಲಿ 1 ಮಿಲಿಬಾರ್ ಕಳೆಯುತ್ತಿದ್ದರೆ ಈಗ 2.3 ಕಳೆಯುತ್ತದೆ. 37ರಲ್ಲಿ 1 ಹೋದದ್ದು ಯಾರ ಗಮನಕ್ಕೂ ಬರುವುದಿಲ್ಲ, 20ರಲ್ಲಿ 2.3 ಹೋದರೆ ಶೇ. 6ರಷ್ಟು ಶಾಖ ಹೋಗುತ್ತದೆ. ಆದ್ದರಿಂದ ದೂರದ ಬರ್ನರ್‌ಗೆ ಹೋಗುವ ಕೊಳವೆಯನ್ನು ದಪ್ಪಗೊಳಿಸಿ, ಇಲ್ಲವೇ ಹೆಚ್ಚಿನ ಒತ್ತಡದಲ್ಲಿ ಅನಿಲ ತಂದು ಬರ್ನರ್‌ಗಳ ಬಳಿ ಇನ್ನೊಂದು ರೆಗ್ಯುಲೇಟರ್ ಇಡಿ. ಎರಡನೆಯ ದಾರಿ ಹಿಡಿದರೆ, ಆ ರೆಗ್ಯುಲೇಟರ್ ಕೆಟ್ಟು ಪೂರ್ಣ ಒತ್ತಡ ಮುಂದಕ್ಕೆ ನುಗ್ಗಿದಾಗ ತಾನಾಗಿ ಮುಚ್ಚಿಕೊಳ್ಳುವ ಸುರಕ್ಷತಾ ಕವಾಟವನ್ನು ಅದರ ಹಿಂದೆ ಇಡಲೇಬೇಕು.

ಇದೇ ತರ್ಕದ ಪ್ರಕಾರ ನೈಸರ್ಗಿಕ ಅನಿಲಕ್ಕೆ ಸರಿಯಾಗಿ ಹಾಕಿದ ಕೊಳವೆಯು ಅದೇ ಒತ್ತಡನಷ್ಟದಲ್ಲಿ ಶುದ್ಧ ಹೈಡ್ರೋಜನ್‌ನ ಮೂಲಕವೂ ಸುಮಾರು ಶೇ. 90ರಷ್ಟು ಶಾಖವನ್ನು ಸಾಗಿಸಬಲ್ಲದು. ಹೈಡ್ರೋಜನ್‌ಗೆ ಮೂರು ಪಟ್ಟು ಅಗಲದ ಕೊಳವೆ ಬೇಕು ಎಂಬ ಮಾತು ಸರಿಯಲ್ಲ. ಅನಿಲದ ಮೀಟರ್‌ನ ಕಥೆ ಬೇರೆ. ಅದು ಎಣಿಸುವುದು ಗಾತ್ರವನ್ನು, ಮತ್ತು ಹಾದುಹೋಗುವ ಗಾತ್ರ ಮೂರು ಪಟ್ಟಾಗುತ್ತದೆ, ಹಾಗಾಗಿ ಮೀಟರ್ ಬದಲಾಗಲೇಬೇಕು. ಹೆಚ್ಚು ಒತ್ತಡದ, ಹೆಚ್ಚು ಬಲದ ಉಕ್ಕಿನ ಕೊಳವೆಗಳನ್ನು ಹೈಡ್ರೋಜನ್ ಪೆಡಸುಗೊಳಿಸಿ ಬಿರುಕಿಗೆ ದಾರಿ ಮಾಡುವ ಸಮಸ್ಯೆಯೂ ನಿಜವೇ, ಆದರೆ ಕೆಲವು ಹತ್ತು ಮಿಲಿಬಾರ್‌ಗಳ ನಿಮ್ಮ ಒಳಕೊಳವೆಗಳಲ್ಲಿ ಅದಕ್ಕಿಂತ ತಿರುಪು ಜೋಡಣೆಗಳ ಸೋರಿಕೆಯ ಬಗ್ಗೆ ಹೆಚ್ಚು ಕಾಳಜಿ ವಹಿಸಬೇಕು.

ಹೈಡ್ರೋಜನ್ ಮಿಶ್ರಣದ ವಿಷಯಕ್ಕೆ ಬಂದಾಗ ವೊಬ್ಬೆ ಸಂಖ್ಯೆ ಒಂದೇ ಸಾಲುವುದಿಲ್ಲ. ಗಾತ್ರದಲ್ಲಿ ಶೇ. 20ರಷ್ಟು ಹೈಡ್ರೋಜನ್ ಬೆರೆಸಿದ ಮೀಥೇನ್‌ನ ಶಾಖಮೌಲ್ಯ 32.6 ಮೆಗಾಜೂಲ್‌ಗೆ, ಅಂದರೆ ಶೇ. 14ರಷ್ಟು ಇಳಿಯುತ್ತದೆ, ವೊಬ್ಬೆ ಸಂಖ್ಯೆ ಮಾತ್ರ 48ರ ಆಸುಪಾಸಿನಲ್ಲಿ, ಶೇ. 5ರಷ್ಟೇ ಕೆಳಗೆ ನಿಲ್ಲುತ್ತದೆ. ಬ್ರಿಟನ್ನಿನ 1996ರ ಅನಿಲ ಸುರಕ್ಷತಾ ನಿಯಮಾವಳಿ ನಿಗದಿಪಡಿಸಿದ ವೊಬ್ಬೆ ವ್ಯಾಪ್ತಿ 47.20ರಿಂದ 51.41 ಆಗಿತ್ತು, ಈ ಮಿಶ್ರಣ ಅದರೊಳಗೇ ಬರುತ್ತದೆ. ಆದರೂ ಅದೇ ನಿಯಮಾವಳಿ ಹೈಡ್ರೋಜನ್‌ಗೆ ಶೇ. 0.1ರ ಪ್ರತ್ಯೇಕ ಮಿತಿ ಹಾಕಿತ್ತು. ಶಾಖದ ಪ್ರಮಾಣ ಸರಿಯಿದ್ದರೂ ಜ್ವಾಲೆಯ ನಡತೆ ಬೇರೆಯಾಗಬಹುದು ಎಂಬುದೇ ಇದರ ಹಿಂದಿನ ಕಾರಣಗಳಲ್ಲೊಂದು.

ಆ ನಡತೆಯನ್ನು ಹತ್ತಿರದಿಂದ ನೋಡೋಣ. ಬರ್ನರ್‌ನ ತಲೆಯ ರಂಧ್ರದಿಂದ ಅನಿಲ ಮತ್ತು ಗಾಳಿಯ ಮಿಶ್ರಣ ಹೊರಕ್ಕೆ ಹರಿಯುತ್ತಿರುತ್ತದೆ, ಜ್ವಾಲೆ ಆ ಹರಿವಿನ ಎದುರು ಒಳಕ್ಕೆ ನುಗ್ಗಲು ಯತ್ನಿಸುತ್ತಿರುತ್ತದೆ. ಎರಡೂ ಸಮವಾಗುವ ಜಾಗದಲ್ಲಿ ಜ್ವಾಲೆ ನಿಲ್ಲುತ್ತದೆ. ಗಾಳಿಯೊಂದಿಗೆ ಬೆರೆತ ಮೀಥೇನ್‌ನ ಜ್ವಾಲೆ ಸೆಕೆಂಡಿಗೆ ಸುಮಾರು 0.4 ಮೀಟರ್ ವೇಗದಲ್ಲಿ ಮುನ್ನುಗ್ಗುತ್ತದೆ, ಪ್ರೊಪೇನ್‌ನದು ಅದಕ್ಕಿಂತ ತುಸು ಹೆಚ್ಚು, ಹೈಡ್ರೋಜನ್‌ನದು ಸೆಕೆಂಡಿಗೆ 2 ಮೀಟರ್‌ಗೂ ಮೇಲೆ. ಹರಿವು ಜ್ವಾಲೆಯನ್ನು ಮೀರಿಸಿದರೆ ಜ್ವಾಲೆಯ ಬುಡ ರಂಧ್ರದಿಂದ ಮೇಲೆದ್ದು ನಡುಗುತ್ತದೆ, ಬುಸುಗುಡುತ್ತದೆ, ಕೊನೆಗೆ ಆರುತ್ತದೆ. ಪ್ರೊಪೇನ್‌ನಿಂದ ನೈಸರ್ಗಿಕ ಅನಿಲಕ್ಕೆ ಬಂದ ಬರ್ನರ್‌ನಲ್ಲಿ, ಗಾಳಿಯ ತೆರಪನ್ನು ಹಿಂದಿನಷ್ಟೇ ಬಿಟ್ಟಿದ್ದರೆ ನಿಮಗೆ ಎದುರಾಗಬಹುದಾದದ್ದು ಇದೇ. ತೆರಪನ್ನು ಸ್ವಲ್ಪ ಸ್ವಲ್ಪವಾಗಿ ಮುಚ್ಚುತ್ತ ಬಂದರೆ ಒಳಗಿನ ನೀಲಿ ಶಂಕು ಚೂಪಾಗಿ ರಂಧ್ರದ ಮೇಲೆ ಕೂರುವ ಜಾಗ ಸಿಗುತ್ತದೆ, ಅಲ್ಲಿಗೇ ನಿಲ್ಲಿಸಿ.

ಜ್ವಾಲೆ ಹರಿವನ್ನು ಮೀರಿಸಿದರೆ ಆಗುವುದು ಇದಕ್ಕೆ ವಿರುದ್ಧವಾದದ್ದು, ಮತ್ತು ಹೈಡ್ರೋಜನ್‌ನೊಂದಿಗೆ ಭಯಪಡಬೇಕಾದದ್ದು. ಟಪ್ ಎಂಬ ಸದ್ದಿನೊಂದಿಗೆ ಜ್ವಾಲೆ ರಂಧ್ರದೊಳಕ್ಕೆ ಹಾರಿ, ಮಿಶ್ರಣನಳಿಕೆಯಲ್ಲಿ ಜೆಟ್‌ನ ತುದಿಯಲ್ಲೇ ಉರಿಯತೊಡಗುತ್ತದೆ. ಹೊರಗಿನಿಂದ ನೋಡಿದರೆ ಬರ್ನರ್ ಆರಿದಂತೆ ಕಾಣಬಹುದು, ಒಳಗೆ ನಳಿಕೆ ಕಾದು ಬಣ್ಣ ಬದಲಿಸುತ್ತಿರುತ್ತದೆ. ಮೀಥೇನ್ ಜ್ವಾಲೆಯನ್ನು ಸುಮಾರು 2 ಮಿಲಿಮೀಟರ್ ಕಿಂಡಿಯ ಲೋಹದ ಗೋಡೆಗಳು ತಣಿಸಿ ತಡೆಯಬಲ್ಲವು, ಹೈಡ್ರೋಜನ್ ಜ್ವಾಲೆಯನ್ನು ತಡೆಯಲು ಆ ಕಿಂಡಿ 0.6 ಮಿಲಿಮೀಟರ್‌ನಷ್ಟು ಕಿರಿದಾಗಬೇಕು. ಈ ಅಪಾಯ ಹೆಚ್ಚಾಗುವುದು ಉರಿ ತಗ್ಗಿಸಿದಾಗ, ಏಕೆಂದರೆ ಆಗ ಹರಿವಿನ ವೇಗ ಇಳಿಯುತ್ತದೆ, ಜ್ವಾಲೆಯ ವೇಗ ಇಳಿಯುವುದಿಲ್ಲ. ಮಸಿ ಮತ್ತು ಕಾರ್ಬನ್ ಮಾನಾಕ್ಸೈಡನ್ನು ಪೂರ್ಣ ಉರಿಯಲ್ಲಿ ಪರೀಕ್ಷಿಸಬೇಕು, ಜ್ವಾಲೆ ಒಳನುಗ್ಗುವುದನ್ನು ಕನಿಷ್ಠ ಉರಿಯಲ್ಲಿ, ಬರ್ನರ್ ಚೆನ್ನಾಗಿ ಕಾದ ಮೇಲೆ ಪರೀಕ್ಷಿಸಬೇಕು.

ಯೂರೋಪಿನ ಮಾನದಂಡದಲ್ಲಿ ಜಿ222 ಎಂಬ ಪರೀಕ್ಷಾ ಅನಿಲವಿದೆ. ಶೇ. 77 ಮೀಥೇನ್, ಶೇ. 23 ಹೈಡ್ರೋಜನ್ ಇರುವ ಅದನ್ನು ಜ್ವಾಲೆ ಒಳನುಗ್ಗುತ್ತದೆಯೇ ಎಂದು ನೋಡುವುದಕ್ಕಾಗಿಯೇ ಇಟ್ಟಿದ್ದಾರೆ. ಆ ಪರೀಕ್ಷೆ ದಾಟಿದ ಉಪಕರಣ ಶೇ. 20ರ ಮಿಶ್ರಣದಲ್ಲಿ ತಕ್ಷಣ ತೊಂದರೆ ಕೊಡಲಾರದು. ಆದರೆ ಅದು ಅಲ್ಪಾವಧಿಯ ಪರೀಕ್ಷೆ, ವರ್ಷಗಟ್ಟಲೆ ಉರಿಸಲು ಕೊಟ್ಟ ಅನುಮತಿಯಲ್ಲ. ನಿಮ್ಮ ಬರ್ನರ್ ಯಾವ ಅನಿಲಗಳಿಗೆ ಪರೀಕ್ಷೆಗೊಳಗಾಗಿದೆ ಎಂಬುದನ್ನು ತಯಾರಕರಿಂದ ಲಿಖಿತವಾಗಿ ಪಡೆಯಿರಿ.

ಇಂಥ ಬದಲಾವಣೆ ಹೊಸದೇನೂ ಅಲ್ಲ. ಕಲ್ಲಿದ್ದಲಿನಿಂದ ತಯಾರಾಗುತ್ತಿದ್ದ, ಅರ್ಧದಷ್ಟು ಹೈಡ್ರೋಜನ್ ಇದ್ದ ಪಟ್ಟಣದ ಅನಿಲದಿಂದ ನೈಸರ್ಗಿಕ ಅನಿಲಕ್ಕೆ ಬ್ರಿಟನ್ 1967ರಿಂದ 1977ರ ನಡುವೆ ಬದಲಾಯಿತು. ಹೊಸ ಅನಿಲದ ವೊಬ್ಬೆ ಸಂಖ್ಯೆ ಹಳೆಯದರ ಸುಮಾರು ಎರಡು ಪಟ್ಟಿತ್ತು, ಜ್ವಾಲೆ ಮಾತ್ರ ನಿಧಾನವಾಗಿತ್ತು. ಹಾಗಾಗಿ ಮನೆಮನೆಗೆ ಹೋಗಿ ಒಂದೊಂದು ಉಪಕರಣವನ್ನೂ ಬದಲಿಸಬೇಕಾಯಿತು.

ಬಾಯ್ಲರ್‌ನ ಫ್ಯಾನ್ ಬರ್ನರ್ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ, ಇದು ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಒಂದು ಘನ ಮೀಟರ್ ಮೀಥೇನ್ ಸಂಪೂರ್ಣ ಉರಿಯಲು 9.5 ಘನ ಮೀಟರ್ ಗಾಳಿ ಬೇಕು, ಹೈಡ್ರೋಜನ್‌ಗೆ 2.4 ಸಾಕು. ಶೇ. 20ರ ಮಿಶ್ರಣ ಅದೇ ಕವಾಟ, ಅದೇ ಒತ್ತಡದಲ್ಲಿ ಹರಿದಾಗ ಅದರ ಗಾತ್ರ ಶೇ. 10ರಷ್ಟು ಹೆಚ್ಚುತ್ತದೆ, ಆದರೂ ಬೇಕಾದ ಗಾಳಿ ಒಟ್ಟಾರೆ ಶೇ. 6ರಿಂದ 7ರಷ್ಟು ಕಡಿಮೆಯಾಗುತ್ತದೆ. ಫ್ಯಾನ್ ಹಿಂದಿನಷ್ಟೇ ಗಾಳಿ ತಳ್ಳುವುದರಿಂದ, ಬೇಕಾದ ಗಾಳಿಯ 1.20 ಪಟ್ಟು ಇದ್ದದ್ದು 1.28 ಪಟ್ಟಾಗುತ್ತದೆ. ಇದು ಸುರಕ್ಷಿತ ದಿಕ್ಕು, ಜ್ವಾಲೆಯ ಹೆಚ್ಚಿದ ವೇಗವನ್ನೂ ಸ್ವಲ್ಪ ತಗ್ಗಿಸುತ್ತದೆ. ಅಪಾಯ ಬರುವುದು ನಂತರ. ಮಿಶ್ರಣ ಬರುತ್ತಿರುವ ದಿನ ತಂತ್ರಜ್ಞರೊಬ್ಬರು ಹೊಗೆಯಲ್ಲಿ ಆಮ್ಲಜನಕ ಹೆಚ್ಚಿದೆ, ಇಂಧನ ಪೋಲಾಗುತ್ತಿದೆ ಎಂದು ಗಾಳಿಯನ್ನು ಮತ್ತೆ 1.20ಕ್ಕೆ ಇಳಿಸಿ ಹೋಗುತ್ತಾರೆ. ಮರುದಿನ ಬೆರಕೆ ನಿಂತು ಬರೀ ನೈಸರ್ಗಿಕ ಅನಿಲ ಬಂದರೆ ಅದು 1.12ಕ್ಕೆ ಕುಸಿಯುತ್ತದೆ. ಧೂಳು ಕಟ್ಟಿದ ಫ್ಯಾನ್, ಬಿಸಿಲಿಗೆ ತೆಳುವಾದ ಗಾಳಿ ಇವೂ ಸೇರಿದರೆ ಕಾರ್ಬನ್ ಮಾನಾಕ್ಸೈಡ್‌ಗೆ ದೂರ ಉಳಿಯುವುದಿಲ್ಲ. ಅನಿಲದ ಘಟಕಗಳು ದಿನದಿನಕ್ಕೆ ಬದಲಾಗುವ ಕಡೆ ಬರ್ನರನ್ನು ವೊಬ್ಬೆ ಸಂಖ್ಯೆ ಅತಿ ಹೆಚ್ಚಿರುವ ಅನಿಲಕ್ಕೆ ಹೊಂದಿಸಿ ಬಿಡಬೇಕು. ಸ್ವಲ್ಪ ದಕ್ಷತೆ ಹೋದರೆ ಹೋಗಲಿ.

ಮಿಶ್ರಣದಿಂದ ಇಂಗಾಲದ ಡೈಆಕ್ಸೈಡ್ ಎಷ್ಟು ಉಳಿಯುತ್ತದೆ ಎಂದು ನಿಮ್ಮ ಆಡಳಿತ ಮಂಡಳಿ ಕೇಳಬಹುದು. ಗಾತ್ರದಲ್ಲಿ ಶೇ. 20 ಇದ್ದರೂ ಶಾಖದಲ್ಲಿ ಹೈಡ್ರೋಜನ್‌ನ ಪಾಲು ಶೇ. 7.4 ಮಾತ್ರ, ಆದ್ದರಿಂದ ಚಿಮಣಿಯ ಬಾಯಿಯಲ್ಲಿ ಉಳಿಯುವುದೂ ಅಷ್ಟೇ. ಇದನ್ನು ಮೊದಲೇ ಸ್ಪಷ್ಟವಾಗಿ ಹೇಳಿಬಿಡುವುದು ಒಳ್ಳೆಯದು. ಹೈಡ್ರೋಜನ್ ಪಾಲು ಏರಿದಂತೆ ಹೊಗೆಯಲ್ಲಿ ನೀರಾವಿಯೂ ಏರುತ್ತದೆ. ಹೆಚ್ಚುವರಿ ಗಾಳಿ ಇಲ್ಲದಿದ್ದರೆ ಮೀಥೇನ್‌ನ ಹೊಗೆ ಸುಮಾರು 59 ಡಿಗ್ರಿಯಲ್ಲಿ ನೀರುಗಟ್ಟತೊಡಗುತ್ತದೆ, ಶುದ್ಧ ಹೈಡ್ರೋಜನ್‌ನದು 72 ಡಿಗ್ರಿಯ ಆಸುಪಾಸಿನಲ್ಲೇ. ಹಳೆಯ ಉಕ್ಕಿನ ಚಿಮಣಿ ಇದ್ದರೆ ಒಳಗೋಡೆಯ ತುಕ್ಕನ್ನು ಗಮನಿಸುತ್ತಿರಿ.

ಅನಿಲ ಬದಲಾಗುವ ದಿನಕ್ಕೆ ಬೇರೆ ಸಿದ್ಧತೆಗಳೂ ಬೇಕು. ಪ್ರೊಪೇನ್ ಗಾಳಿಗಿಂತ ಭಾರವಾದ್ದರಿಂದ ನಿಮ್ಮ ಸೋರಿಕೆ ಸೂಚಕಗಳು ನೆಲದ ಹತ್ತಿರ ಇರುತ್ತವೆ. ನೈಸರ್ಗಿಕ ಅನಿಲವೂ ಹೈಡ್ರೋಜನ್ನೂ ಮೇಲೇರುತ್ತವೆ, ಹಾಗಾಗಿ ಸೂಚಕಗಳೂ ಚಾವಣಿಯ ಬಳಿಗೆ ಹೋಗಬೇಕು, ಅವುಗಳನ್ನು ಹೊಸ ಅನಿಲಕ್ಕೆ ತಕ್ಕಂತೆ ಮರುಹೊಂದಿಸಬೇಕು. ಗಾಳಿಯಲ್ಲಿ ಮೀಥೇನ್ ಶೇ. 5ರಿಂದ 15ರ ನಡುವೆ, ಪ್ರೊಪೇನ್ ಸುಮಾರು ಶೇ. 2ರಿಂದ 9.5ರ ನಡುವೆ, ಹೈಡ್ರೋಜನ್ ಶೇ. 4ರಿಂದ 75ರ ತನಕ ಹೊತ್ತಿಕೊಳ್ಳಬಲ್ಲದು. ಹಳೆಯ ಕೊಳವೆಗಳಲ್ಲಿನ ಪ್ರೊಪೇನನ್ನು ಸಾರಜನಕದಿಂದ ಹೊರದೂಡಿ, ಸಾಬೂನು ನೀರಿನಿಂದ ಪ್ರತಿಯೊಂದು ಜೋಡಣೆಯನ್ನೂ ನೋಡಿ, ಆ ಬಳಿಕವೇ ಹೊಸ ಅನಿಲವನ್ನು ಬಿಡಿ. ಕೊಳವೆಯೊಳಗೆ ಗಾಳಿ ಮತ್ತು ಅನಿಲ ನೇರವಾಗಿ ಸಂಧಿಸಿದರೆ, ಎರಡರ ಗಡಿಯಲ್ಲಿ ಹೊತ್ತಿಕೊಳ್ಳಬಲ್ಲ ಮಿಶ್ರಣ ಇದ್ದೇ ಇರುತ್ತದೆ. ಬಾಯ್ಲರ್ ಹೊತ್ತಿಸುವ ಮುನ್ನ ಒಲೆಯ ಗಾಳಿಯನ್ನು ಕನಿಷ್ಠ ನಾಲ್ಕು ಬಾರಿ ಬದಲಿಸುವಷ್ಟು ಹೊತ್ತು ಫ್ಯಾನ್ ಓಡಬೇಕು, ಅನಿಲಕ್ಕೆ ಒಂದರ ಹಿಂದೆ ಒಂದು ಎರಡು ಸ್ವಯಂಚಾಲಿತ ಕವಾಟಗಳಿರಬೇಕು.

ಕಡೆಯದಾಗಿ ಜ್ವಾಲೆಯ ಸೂಚಕ. ನಿಮ್ಮ ಬಾಯ್ಲರ್‌ನಲ್ಲಿ ಅಯಾನು ಕಡ್ಡಿ ಇದ್ದರೆ, ಅದು ಹೈಡ್ರೋಕಾರ್ಬನ್ ಉರಿಯುವಾಗ ಹುಟ್ಟುವ ಅಯಾನುಗಳ ಮೂಲಕ ಹರಿಯುವ ಅತಿ ಸಣ್ಣ ವಿದ್ಯುತ್ತನ್ನು ನೋಡಿ ಜ್ವಾಲೆಯಿದೆ ಎಂದು ತಿಳಿಯುತ್ತದೆ. ಶೇ. 20ರ ಮಿಶ್ರಣದಲ್ಲಿ ಆ ಸಂಕೇತ ಉಳಿದಿರುತ್ತದೆ. ಹೈಡ್ರೋಜನ್ ಪಾಲು ಬಹಳ ಹೆಚ್ಚಾದಂತೆ ಕ್ಷೀಣಿಸುತ್ತ, ಶುದ್ಧ ಹೈಡ್ರೋಜನ್‌ನಲ್ಲಿ ಕೆಲಸಕ್ಕೆ ಬಾರದಷ್ಟಾಗುತ್ತದೆ. ಅಲ್ಲಿಗೆ ನೇರಳಾತೀತ ಕಿರಣ ಗುರುತಿಸುವ ಸೂಚಕ ಬೇಕು. ಹೈಡ್ರೋಜನ್ ಜ್ವಾಲೆ ಹಗಲು ಬೆಳಕಿನಲ್ಲಿ ಕಣ್ಣಿಗೂ ಸರಿಯಾಗಿ ಕಾಣುವುದಿಲ್ಲವಾದ್ದರಿಂದ ಈ ಒಂದು ಬಿಡಿಭಾಗವನ್ನು ಈಗಲೇ, ನೈಸರ್ಗಿಕ ಅನಿಲಕ್ಕೆ ಬದಲಾಗುವಾಗಲೇ ಹಾಕಿಸಿಬಿಡಿ ಎಂಬುದು ನನ್ನ ಸಲಹೆ. ನೇರಳಾತೀತ ಸೂಚಕ ಮೀಥೇನ್ ಜ್ವಾಲೆಯನ್ನೂ ಗುರುತಿಸುತ್ತದೆ, ಎರಡನೇ ಬಾರಿ ಬಾಯ್ಲರ್ ನಿಲ್ಲಿಸಿ ವೈರಿಂಗ್ ಬಿಚ್ಚುವ ಕೆಲಸ ತಪ್ಪುತ್ತದೆ.